ಹಸಿರು ಪುಡಿಯೊಳಗಿನ ಜೀವ

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಧಾರವಾಡ ಜಿಲ್ಲೆಯ ಅಣ್ಣಿಗೇರಿ, ನವಲಗುಂದದ ಎರೆಹೊಲಗಳಲ್ಲಿ ಕಡಲೆ ಕಾಯಿಗಟ್ಟಿರುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿಯ ಗಂಟು ಬಿಚ್ಚುವಾಗ ಮಕ್ಕಳು ಸುಲಗಾಯಿ ಕೀಳಲು ಸಾಲಿನೊಳಗೆ ಇಳಿದಿರುತ್ತಾರೆ. ಮನೆಯ ಹಿರಿಯರ ಕಣ್ಣು ಮಾತ್ರ ಊಟದ ಮೇಲೆ ಇರುವುದಿಲ್ಲ. ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಎಲೆ ಇಳಿಬಿಟ್ಟು ನಿಂತಿರುತ್ತದೆ. ವಾರದ ಹಿಂದೆ ನಾಲ್ಕಾರು ಇದ್ದ ಗಿಡಗಳು ಈಗ ಕಂಬಳಿ ಹಾಸಿದಷ್ಟು ಅಗಲಕ್ಕೆ ಹಬ್ಬಿರುತ್ತವೆ. 'ಸಿಡಿ ಹಾಯ್ದೈತಿ ನೋಡ್ರಿ' ಎನ್ನುತ್ತ ಒಂದು ಗಿಡ ಕಿತ್ತು, ಉಗುರಿನಿಂದ ಬೇರನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದುಗಪ್ಪು ಗೆರೆ. ಆ ಗೆರೆ ಕಂಡಮೇಲೆ ಆ ಗಿಡಕ್ಕೆ ಮಾಡುವುದು ಏನೂ ಉಳಿದಿರುವುದಿಲ್ಲ.

ಸಿಡಿ ರೋಗ ತರುವುದು ಫ್ಯುಸೇರಿಯಂ ಎಂಬ ಮಣ್ಣಿನ ಶಿಲೀಂಧ್ರ. ಅದು ಎಳೆಬೇರಿನಿಂದ ಒಳಹೊಕ್ಕು, ನೀರು ಮೇಲೇರುವ ನಾಳಗಳಲ್ಲಿ ಬೆಳೆದು, ದಾರಿಯನ್ನೇ ಕಟ್ಟಿಬಿಡುತ್ತದೆ. ಕಾಲಡಿಯ ಎರೆಯಲ್ಲಿ ಇನ್ನೂ ಹಸಿ ಇರುವಾಗಲೇ ಗಿಡ ಬಾಯಾರಿ ಸಾಯುತ್ತದೆ. ಮೇಲಿಂದ ಎಂಥ ಎಣ್ಣಿ ಹೊಡೆದರೂ ಅದು ಬೇರಿನ ನಾಳಕ್ಕೆ ಇಳಿಯದು. ಕಡಲೆ ಬೆಳೆಯುವುದನ್ನೇ ನಿಲ್ಲಿಸಿದರೂ ಈ ಶಿಲೀಂಧ್ರ ದಪ್ಪಗೋಡೆಯ ಬೀಜಕಣಗಳಾಗಿ 6 ವರ್ಷದವರೆಗೆ ಮಣ್ಣಿನಲ್ಲಿ ಕಾದು ಕೂರಬಲ್ಲದು. ಒಂದೆರಡು ಸಲ ಬೆಳೆ ಬದಲಿಸಿ ನೋಡಿದವರಿಗೆ ರೋಗ ಯಾಕೆ ತಿರುಗಿ ಬಂತು ಎಂಬುದಕ್ಕೆ ಉತ್ತರ ಇಲ್ಲಿದೆ.

ಕಡಲೆಯ ಇತಿಹಾಸದಲ್ಲಿ ಅಣ್ಣಿಗೇರಿಯ ಹೆಸರು ದೊಡ್ಡದು. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದ ಹೆಸರು ಹೊತ್ತ 'ಅಣ್ಣಿಗೇರಿ-1' ತಳಿ 1978ರಲ್ಲಿ ಬಿಡುಗಡೆಯಾಯಿತು. ಬೇಗ ಕೈಗೆ ಬರುವ, ಒಣಬೇಸಾಯಕ್ಕೆ ಒಗ್ಗುವ ಈ ಕಡಲೆ ಉತ್ತರ ಕರ್ನಾಟಕದ ಉದ್ದಗಲಕ್ಕೂ ಹರಡಿ, ಪಂಪನ ಊರನ್ನು ಕಡಲೆಯ ಊರನ್ನಾಗಿಯೂ ಮಾಡಿತು. ಆದರೆ ಸಿಡಿ ರೋಗದ ಎದುರು ಅದಕ್ಕೆ ಶಕ್ತಿ ಇರಲಿಲ್ಲ. ಒಂದೇ ತಳಿಯನ್ನು ಅದೇ ಹೊಲಗಳಲ್ಲಿ ದಶಕಗಟ್ಟಲೆ ಬಿತ್ತಿದಾಗ ಮಣ್ಣಿನಲ್ಲಿದ್ದ ಶತ್ರುವಿಗೆ ಪ್ರತಿ ಹಿಂಗಾರಿಯೂ ಊಟ ಸಿಕ್ಕಂತಾಯಿತು. ಈಚೆಗೆ ರೋಗ ತಡೆಯುವ ಡಬ್ಲ್ಯುಆರ್-315 ಎಂಬ ಕಡಲೆಯ ಗುಣವನ್ನು ಅಣ್ಣಿಗೇರಿ-1ಕ್ಕೆ ಸೇರಿಸಿ 'ಸೂಪರ್ ಅಣ್ಣಿಗೇರಿ-1' ರೂಪಿಸಿದ್ದಾರೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಕೆಲಸ ಅದು. ಆ ಬೀಜ ಸಿಕ್ಕವರು ಬಿತ್ತಲಿ. ಆದರೆ ಕಡಲೆಯ ಬೇರಿಗೆ ಕಾದಿರುವುದು ಫ್ಯುಸೇರಿಯಂ ಒಂದೇ ಅಲ್ಲ. ಮೊಳಕೆಯಲ್ಲೇ ಬುಡ ಕೊಳೆಸುವ ಸ್ಕ್ಲೆರೋಷಿಯಂ ಇದೆ. ಬಿಸಿಲು 30 ಡಿಗ್ರಿ ದಾಟಿ ಮಣ್ಣು ಒಣಗಿದಾಗ ಬೇರನ್ನು ಕಡ್ಡಿಯಂತೆ ಮುರಿಯುವ ಒಣ ಬೇರುಕೊಳೆ ಇದೆ. ಚಳಿ ಕಡಿಮೆಯಾಗುತ್ತಿರುವ ಈ ವರ್ಷಗಳಲ್ಲಿ ಅದರ ಹಾವಳಿ ಹೆಚ್ಚುತ್ತಿದೆ. ಇವೆಲ್ಲಕ್ಕೂ ಒಂದೇ ತಳಿಯಲ್ಲಿ ಉತ್ತರವಿಲ್ಲ.

ಹಾಗಾಗಿ ಮಾತು ಮಣ್ಣಿನೊಳಗಿನ ಇನ್ನೊಂದು ಶಿಲೀಂಧ್ರದ ಕಡೆ ಹೊರಳುತ್ತದೆ. ಅದೇ ಟ್ರೈಕೋಡರ್ಮಾ. ರೈತ ಸಂಪರ್ಕ ಕೇಂದ್ರದಲ್ಲಿ, ಗೊಬ್ಬರದಂಗಡಿಯಲ್ಲಿ ಸಿಗುವ ತಿಳಿಹಸಿರು ಛಾಯೆಯ ಪುಡಿ. ಪುಡಿಯ ಬಹುಪಾಲು ಬರೀ ಟಾಲ್ಕ್, ಅಂದರೆ ಮುಖಕ್ಕೆ ಹಚ್ಚುವ ಪೌಡರಿನ ಕಲ್ಲುಹಿಟ್ಟು. ಕೆಲಸ ಮಾಡುವುದು ಅದರಲ್ಲಿ ಬೆರೆತ ಬೀಜಕಣಗಳು.

ಟ್ರೈಕೋಡರ್ಮಾ ಹೊಸದಾಗಿ ಕಂಡುಹಿಡಿದ ವಸ್ತುವಲ್ಲ. 1794ರಲ್ಲೇ ಪರ್ಸೂನ್ ಎಂಬ ಶಿಲೀಂಧ್ರ ವಿಜ್ಞಾನಿ ಅದಕ್ಕೆ ಈ ಹೆಸರಿಟ್ಟಿದ್ದ. ಅದು ಬೇರೆ ಶಿಲೀಂಧ್ರಗಳನ್ನು ಬೇಟೆಯಾಡುತ್ತದೆ ಎಂದು ತೋರಿಸಿಕೊಟ್ಟದ್ದು 1932ರಲ್ಲಿ, ಅಮೆರಿಕದಲ್ಲಿದ್ದ ರಿಚರ್ಡ್ ವೈಂಡ್ಲಿಂಗ್. ಸೂಕ್ಷ್ಮದರ್ಶಕದಡಿ ಅವರು ಕಂಡದ್ದು ಹೀಗಿತ್ತು: ಟ್ರೈಕೋಡರ್ಮಾದ ಎಳೆ ಶತ್ರುವಿನ ಎಳೆಯ ಕಡೆಗೆ ಬೆಳೆದು, ಬಳ್ಳಿ ಗೂಟಕ್ಕೆ ಸುತ್ತಿದಂತೆ ಸುತ್ತಿಕೊಂಡು, ಅದರ ಗೋಡೆಯನ್ನು ಕರಗಿಸಿ ಒಳಗಿನದನ್ನು ಉಣ್ಣುತ್ತದೆ. ಶಿಲೀಂಧ್ರದ ಗೋಡೆ ಕೈಟಿನ್ ಎಂಬ ವಸ್ತುವಿನದು. ಅದನ್ನು ಕರಗಿಸುವ ಕಿಣ್ವ ಟ್ರೈಕೋಡರ್ಮಾದ ಬಳಿ ಧಾರಾಳ.

ಬೇಟೆ ಅದರ ಒಂದು ಕೆಲಸ ಮಾತ್ರ. ಬೇರಿನ ಸುತ್ತಲಿನ ಜಾಗವನ್ನು ತಾನೇ ಮೊದಲು ಹಿಡಿದು, ಅಲ್ಲಿ ಒಸರುವ ಸಕ್ಕರೆ, ಕಬ್ಬಿಣದಂಥ ಪೋಷಕಾಂಶಗಳನ್ನು ಬಳಸಿಕೊಂಡು, ಬಂದವರಿಗೆ ಉಣ್ಣಲು ಇಲ್ಲದಂತೆ ಮಾಡುವುದು ಇನ್ನೊಂದು. ಬೇರಿನ ಹೊರಪದರದಲ್ಲಿ ನೆಲೆನಿಂತು ಗಿಡವನ್ನು ಎಚ್ಚರಿಸುವುದು ಮತ್ತೊಂದು. ಬೇರು ಮುಟ್ಟಿದ ಈ ಅತಿಥಿಯಿಂದಾಗಿ ಎಲೆಗೂ ರೋಗದ ವಿರುದ್ಧ ಸಜ್ಜಾಗುವ ಸೂಚನೆ ಹೋಗುತ್ತದೆ ಎಂಬುದು ಈಚಿನ ದಶಕಗಳಲ್ಲಿ ಗಟ್ಟಿಯಾದ ತಿಳಿವಳಿಕೆ. ಈ ಎಲ್ಲ ಕೆಲಸಕ್ಕೂ ಶರತ್ತು ಒಂದೇ. ಶತ್ರುವಿಗಿಂತ ಮೊದಲು ಅದು ಬೇರಿನ ಬಳಿ ಇರಬೇಕು. ಬೆಳೆಗೆ ರೋಗ ಬಂದಮೇಲೆ ಪುಡಿ ತಂದು ಬುಡಕ್ಕೆ ಸುರಿಯುವುದು ಕಳ್ಳತನವಾದ ಮರುದಿನ ಕಾವಲಿಗೆ ಆಳು ಇಟ್ಟಂತೆ.

ಬೀಜೋಪಚಾರದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಒಂದು ಕಿಲೋ ಕಡಲೆಬೀಜಕ್ಕೆ ಸಾಮಾನ್ಯವಾಗಿ 4 ಗ್ರಾಂ ಪುಡಿ. ಎಕರೆಗೆ 25 ಕಿಲೋ ಬೀಜ ಬಿತ್ತುವವರಿಗೆ ಬೇಕಾಗುವುದು 100 ಗ್ರಾಂ. ಬೀಜಕ್ಕೆ ತುಸು ನೀರು ಚಿಮುಕಿಸಿ, ಪುಡಿ ಹತ್ತುವಂತೆ ಹೊರಳಾಡಿಸಿ, ನೆರಳಲ್ಲಿ ಆರಿಸಿ ಕೂರಿಗೆಗೆ ಹಾಕಿದರೆ ಆಯಿತು. ಇಷ್ಟು ಅಗ್ಗದ, ಇಷ್ಟು ಸಣ್ಣ ಕೆಲಸಕ್ಕೆ ನಾವು ಉದಾಸೀನ ಮಾಡುತ್ತೇವೆ. ಬಿತ್ತನೆಯ ಅವಸರ ಒಂದು ಕಾರಣ. ಎರೆಹೊಲದಲ್ಲಿ ಹದ ನಾಲ್ಕೈದು ದಿನದ ಮಾತು. ಹದ ಹೋದರೆ ನೆಲ ಕಲ್ಲಾಗುತ್ತದೆ. ಕೂರಿಗೆ ಹೂಡಿ ನಿಂತವರಿಗೆ ಬೀಜ ಆರಿಸುತ್ತ ಕೂರಲು ತಾಳ್ಮೆ ಇರುವುದಿಲ್ಲ.

ಮಾಡಿದವರಲ್ಲೂ ದೊಡ್ಡ ತಪ್ಪೊಂದು ಉಳಿದುಬಂದಿದೆ. ಕಾರ್ಬೆಂಡಾಜಿಂ ಎಂಬ ರಾಸಾಯನಿಕ ಶಿಲೀಂಧ್ರನಾಶಕ ಹಳ್ಳಿ ಹಳ್ಳಿಯ ಅಂಗಡಿಯಲ್ಲಿದೆ. 'ಎರಡೂ ಹಚ್ಚಿದ್ರ ಇನ್ನೂ ಛಲೋ' ಎಂದು ಅದನ್ನೂ ಟ್ರೈಕೋಡರ್ಮಾವನ್ನೂ ಒಟ್ಟಿಗೆ ಬೀಜಕ್ಕೆ ಹಚ್ಚುತ್ತಾರೆ. ಕಾರ್ಬೆಂಡಾಜಿಂ ಶಿಲೀಂಧ್ರಗಳನ್ನು ಕೊಲ್ಲಲೆಂದೇ ಮಾಡಿದ ವಿಷ, ಟ್ರೈಕೋಡರ್ಮಾ ಕೂಡ ಶಿಲೀಂಧ್ರ. ತೀರಾ ಕಡಿಮೆ ಪ್ರಮಾಣದಲ್ಲೇ ಅದು ಟ್ರೈಕೋಡರ್ಮಾವನ್ನು ಮುಗಿಸುತ್ತದೆ. ಎರಡು ಪ್ಯಾಕೆಟ್ಟಿಗೆ ಹಣ ಕೊಟ್ಟು ಒಂದರಿಂದ ಇನ್ನೊಂದನ್ನು ಕೊಂದಂತಾಗುತ್ತದೆ. ರಾಸಾಯನಿಕ ಬೇಕೇಬೇಕು ಎನ್ನುವವರಿಗೂ ದಾರಿ ಇದೆ. ಕಾರ್ಬಾಕ್ಸಿನ್ ಟ್ರೈಕೋಡರ್ಮಾಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಕಿಲೋ ಬೀಜಕ್ಕೆ ಅದರ 1 ಗ್ರಾಂ, ಟ್ರೈಕೋಡರ್ಮಾದ 4 ಗ್ರಾಂ ಜೊತೆಯಾಗಿ ಹಚ್ಚುವ ಶಿಫಾರಸು ಕಡಲೆಯಲ್ಲಿ ರೂಢಿಯಲ್ಲಿದೆ. ಕಡಲೆಗೆ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಅಣುಜೀವಿಗೂ ಟ್ರೈಕೋಡರ್ಮಾಕ್ಕೂ ಜಗಳವಿಲ್ಲ. ಹಚ್ಚುವ ಕ್ರಮ ಇದು: ರಾಸಾಯನಿಕ ಮೊದಲು, ಅದು ಆರಿದಮೇಲೆ ಟ್ರೈಕೋಡರ್ಮಾ, ಕೊನೆಗೆ ರೈಜೋಬಿಯಂ.

ಇನ್ನು ಮಣ್ಣಿಗೆ ಹಾಕುವ ಕ್ರಮ. ಧಾರವಾಡ ಜಿಲ್ಲೆಯ ಮಟ್ಟಿಗೆ ಇಲ್ಲಿ ಬಹಳ ಯೋಚಿಸಬೇಕಾದ ಸಂಗತಿಗಳಿವೆ. ಟ್ರೈಕೋಡರ್ಮಾ ಸ್ವಭಾವತಃ ತುಸು ಹುಳಿಯಾದ, ಕಸಕಡ್ಡಿ ತುಂಬಿದ, ತೇವವಿರುವ ಮಣ್ಣನ್ನು ಇಷ್ಟಪಡುವ ಜೀವಿ. ಕಲಘಟಗಿಯ ಕಾಡಂಚಿನ ಕೆಂಪು ನೆಲ ಅದಕ್ಕೆ ತವರುಮನೆ ಇದ್ದಂತೆ. ನವಲಗುಂದದ ಎರೆ ಹಾಗಲ್ಲ. ಸುಣ್ಣದ ಅಂಶ ಹೆಚ್ಚಿರುವ, ಕ್ಷಾರದ ಕಡೆಗೆ ವಾಲಿದ ನೆಲ ಅದು. ಸಾವಯವ ಇಂಗಾಲ ಕಡಿಮೆ. ಬೇಸಿಗೆಯಲ್ಲಿ ಆಳು ಕಾಲಿಟ್ಟರೆ ಸಿಕ್ಕಿಕೊಳ್ಳುವಂಥ ಬಿರುಕು. ಇಂಥ ನೆಲದಲ್ಲಿ ಬರೀ ಪುಡಿ ಎರಚಿದರೆ ಬಂದ ಅತಿಥಿಗೆ ನೀರೂ ಇಲ್ಲ, ಊಟವೂ ಇಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಶತ್ರುವನ್ನು ಪೂರ್ತಿ ನುಂಗಿದ ತಳಿಯೇ ಹೊಲದಲ್ಲಿ ಏನೂ ಮಾಡದೆ ಇರುವುದಕ್ಕೆ ಇದೇ ಕಾರಣ. ಎರೆಹೊಲದಿಂದಲೇ ಹೆಕ್ಕಿ ಬೆಳೆಸಿದ ಸ್ಥಳೀಯ ತಳಿ ಇಲ್ಲಿನ ಬಿಸಿಲು, ಕ್ಷಾರಕ್ಕೆ ಒಗ್ಗಿರುತ್ತದೆ. ದೂರದ ಊರಿನ ತಳಿಗಿಂತ ಅದರ ಮೇಲೆ ಹೆಚ್ಚು ಭರವಸೆ ಇಡಬಹುದು.

ಅತಿಥಿಗೆ ಊಟ ಕಟ್ಟಿಕೊಡುವುದು ತಿಪ್ಪೆ. ಚೆನ್ನಾಗಿ ಕಳಿತ 100 ಕಿಲೋ ತಿಪ್ಪೆಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮಾ ಬೆರೆಸಿ, ಹಿಡಿಯಲ್ಲಿ ಹಿಡಿದರೆ ಉಂಡೆ ಆಗುವಷ್ಟು ತೇವ ಮಾಡಿ, ನೆರಳಲ್ಲಿ ಗೋಣಿತಟ್ಟು ಹೊದಿಸಿ, ನಡುವೆ ಒಂದೆರಡು ಸಲ ತಿರುವಿ, 8ರಿಂದ 10 ದಿನ ಬಿಟ್ಟರೆ ಪುಡಿಯಲ್ಲಿ ನಿದ್ದೆಯಲ್ಲಿದ್ದ ಕಣಗಳು ಎಚ್ಚೆತ್ತು ಗೊಬ್ಬರದ ತುಂಬ ಎಳೆ ಬಿಡುತ್ತವೆ. ಆಮೇಲೆ ಅದನ್ನು ಬಿತ್ತನೆಯ ಸಾಲಿಗೆ, ತೇವ ಇರುವಾಗ ಹಾಕಬೇಕು. ಕಳಿತ ಗೊಬ್ಬರ ಎಂಬ ಮಾತನ್ನು ಮತ್ತೆ ಹೇಳುತ್ತೇನೆ. ಹಸಿ ಸಗಣಿ, ಕಳಿಯದ ಕಸ ಹಾಕಿದರೆ ಮೊದಲು ಮೈತುಂಬುವುದು ಬುಡಕೊಳೆಯ ಸ್ಕ್ಲೆರೋಷಿಯಂಗೆ. ಕುಂದಗೋಳದ ಕಡೆ ಶೇಂಗಾದ ಬುಡದಲ್ಲಿ ಬಿಳಿ ನೂಲಿನ ಬಲೆ, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಾಣುತ್ತವಲ್ಲ, ಅದೇ ಈ ಶತ್ರು. ಆ ಒಂದೊಂದು ಸಾಸಿವೆ ಗುಂಡೂ ಮುಂದಿನ ಹಂಗಾಮಿನ ರೋಗದ ಬೀಜ. ಅವುಗಳನ್ನು ಕೊರೆದು ತಿನ್ನುವ ಕೆಲಸದಲ್ಲಿ ಟ್ರೈಕೋಡರ್ಮಾ ಗಟ್ಟಿಗ.

ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರ್ ಬಂದಮೇಲೆ ನಮ್ಮ ಹಳ್ಳಿಗಳಲ್ಲಿ ತಿಪ್ಪೆಗಳು ಕುಗ್ಗಿವೆ. ಜೈವಿಕ ಔಷಧದ ಮಾತು ಎಲ್ಲ ವೇದಿಕೆಯಲ್ಲೂ ಇದೆ, ಅದಕ್ಕೆ ಆಸರೆಯಾದ ಗೊಬ್ಬರದ ಮಾತು ಇಲ್ಲ. ನನ್ನ ಮಟ್ಟಿಗೆ ಈ ಜಿಲ್ಲೆಯಲ್ಲಿ ಟ್ರೈಕೋಡರ್ಮಾದ ಯಶಸ್ಸು ನಿರ್ಧಾರವಾಗುವುದು ಕಂಪನಿಯ ಪ್ಯಾಕೆಟ್ಟಿಗಿಂತ ಹೆಚ್ಚಾಗಿ ಹಿತ್ತಲಿನ ತಿಪ್ಪೆಯಲ್ಲಿ.

ಟ್ರೈಕೋಡರ್ಮಾ ರೋಗ ತಡೆದಂತೆ, ಬೇರೆ ಕೆಲವು ಶಿಲೀಂಧ್ರಗಳು ಹುಳುವನ್ನೂ ಕೊಲ್ಲುತ್ತವೆ. ಇದು ಧಾರವಾಡದ ಮಟ್ಟಿಗೆ ಹೆಮ್ಮೆಯಿಂದ ಹೇಳಬೇಕಾದ ಭಾಗ. ಮಳೆ ಹಿಡಿದ ಆಗಸ್ಟ್-ಸೆಪ್ಟೆಂಬರಿನಲ್ಲಿ ಕಲಘಟಗಿಯ ಸೋಯಾ ಹೊಲಕ್ಕೆ ಹೋದರೆ ಎಲೆ ತಿನ್ನುವ ಹುಳು ಎಲೆಯ ಮೇಲೇ ಸೆಟೆದು ಸತ್ತಿರುವುದು ಕಾಣುತ್ತದೆ. ಮೊದಲು ಮೈ ಸುಣ್ಣ ಬಳಿದಂತೆ ಬೆಳ್ಳಗೆ, ಎರಡು ಮೂರು ದಿನಕ್ಕೆ ತಿಳಿಹಸಿರು ಹಿಟ್ಟು ಉದುರಿದಂತೆ. ಇದು ನೊಮುರಿಯಾ ರಿಲೈ ಎಂಬ ಶಿಲೀಂಧ್ರದ ಕೆಲಸ. ಈಗ ವಿಜ್ಞಾನಿಗಳು ಅದನ್ನು ಮೆಟಾರೈಜಿಯಂ ಕುಲಕ್ಕೆ ಸೇರಿಸಿದ್ದಾರೆ. 1986ರಲ್ಲಿ ಶುರುವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಈ ಶಿಲೀಂಧ್ರದ ಹಿಂದೆ ವರ್ಷಗಟ್ಟಲೆ ಬಿದ್ದರು. ಹೊಲದಲ್ಲಿ ತಾನಾಗಿಯೇ ಬರುವ ಈ ಸಾವನ್ನು ಬೇಕೆಂದಾಗ ತರಬಹುದೇ, ಅಕ್ಕಿ ಜೋಳದಂಥ ಕಾಳಿನ ಮೇಲೆ ಬೆಳೆಸಬಹುದೇ, ಎಷ್ಟು ದಿನ ಇಡಬಹುದು ಎಂಬುದನ್ನೆಲ್ಲ ಶೋಧಿಸಿದರು. ಸೋಯಾ, ಶೇಂಗಾ, ಹತ್ತಿಯ ಹುಳುವಿಗೆ ನೊಮುರಿಯಾ ಹೊಡೆಯುವ ರೂಢಿ ಈ ಭಾಗಕ್ಕೆ ಬಂದದ್ದು ಅವರ ದುಡಿಮೆಯಿಂದ.

2018ರಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ಕರ್ನಾಟಕದ ಮೆಕ್ಕೆಜೋಳ, ಅಂದರೆ ಗೋವಿನಜೋಳದಲ್ಲೇ. ನಮ್ಮ ರೈತರು ಲದ್ದಿ ಹುಳು ಎನ್ನುವ ಈ ಕೀಡಿ ಗೋವಿನಜೋಳದ ಸುಳಿಯೊಳಗೆ ಕುಳಿತು, ಕಟ್ಟಿಗೆ ಹೊಟ್ಟಿನಂಥ ಲದ್ದಿ ಹೊರಹಾಕುತ್ತ ಸುಳಿಯನ್ನೇ ಮೇಯುತ್ತದೆ. ಹೊಸ ಶತ್ರು ಬಂದ ಕೆಲವೇ ತಿಂಗಳಲ್ಲಿ ಅದೂ ನೊಮುರಿಯಾ ತಗುಲಿ ಸತ್ತದ್ದು ಕಂಡುಬಂತು. ಸರ್ಕಾರದ ಸಲಹಾಪಟ್ಟಿಯಲ್ಲಿ ಅಕ್ಕಿಕಾಳಿನ ಮೇಲೆ ಬೆಳೆದ ನೊಮುರಿಯಾ ಲೀಟರ್ ನೀರಿಗೆ 3 ಗ್ರಾಂ, ಇಲ್ಲವೇ ಮೆಟಾರೈಜಿಯಂ ಅನಿಸೋಪ್ಲಿಯೆ ಪುಡಿ 5 ಗ್ರಾಂ ಬೆರೆಸಿ ಸುಳಿಗೆ ಬೀಳುವಂತೆ ಹೊಡೆಯುವ ಸೂಚನೆ ಸೇರಿತು. ಮೆಟಾರೈಜಿಯಂಗೆ ದೊಡ್ಡ ಚರಿತ್ರೆಯೇ ಇದೆ. 1879ರಲ್ಲಿ ಒಡೆಸ್ಸಾದಲ್ಲಿ ಮೆಚ್ನಿಕಾಫ್ ಗೋದಿಯ ದುಂಬಿಯ ಮೇಲೆ ಅದನ್ನು ಪರೀಕ್ಷಿಸಿದರು. ಐದು ವರ್ಷದ ಬಳಿಕ ಅದೇ ಸೀಮೆಯಲ್ಲಿ ಬೀಟ್‌ರೂಟ್ ಜಾತಿಯ ಸಕ್ಕರೆ ಬೆಳೆಯ ಹುಳುವಿಗಾಗಿ ಅದನ್ನು ಕಾರ್ಖಾನೆಯಲ್ಲಿ ಬೆಳೆಸಲಾಯಿತು. ಇಂದು ನಮ್ಮಲ್ಲಿ ಕಬ್ಬು, ಶೇಂಗಾದ ಬೇರು ಕತ್ತರಿಸುವ ಗೊಣ್ಣೆ ಹುಳುವಿಗೆ ಅದನ್ನೇ ಗೊಬ್ಬರದಲ್ಲಿ ಬೆರೆಸಿ ಹಾಕುತ್ತೇವೆ.

ಹುಳು ಕೊಲ್ಲುವ ಶಿಲೀಂಧ್ರಕ್ಕೆ ಬಾಯಿಯಿಂದ ಒಳಹೋಗುವ ಅಗತ್ಯವಿಲ್ಲ. ಬೀಜಕಣ ಹುಳುವಿನ ಮೈಗೆ ಅಂಟಿ, ಮೊಳೆತು, ಚರ್ಮ ಕೊರೆದು ಒಳಗೆ ಇಳಿಯುತ್ತದೆ. ಮೊಳೆಯಲು ಗಾಳಿಯಲ್ಲಿ ತೇವ ಬೇಕು, ಹುಳು ಸಾಯಲು ವಾರದಷ್ಟು ಸಮಯ ಬೇಕು. ಬಿಸಿಲಿನಲ್ಲಿ ಹೊಡೆದರೆ ಕಣ ಸುಟ್ಟುಹೋಗುತ್ತದೆ. ಸಂಜೆ ಹೊಡೆಯಬೇಕು, ಹುಳು ಸಣ್ಣದಿರುವಾಗಲೇ ಹೊಡೆಯಬೇಕು. ಈ ಕಾರಣಕ್ಕೇ ನಾನು ಹೇಳುವುದು: ನೊಮುರಿಯಾ ಕಲಘಟಗಿಯ ಮುಂಗಾರಿನ ಔಷಧ. ಡಿಸೆಂಬರಿನ ಒಣಗಾಳಿ ಬೀಸುವ ನವಲಗುಂದದ ಕಡಲೆಯಲ್ಲಿ ಕಾಯಿಕೊರಕಕ್ಕೆ ಅದನ್ನೇ ನಂಬಿ ಕುಳಿತರೆ ಕೈ ಸುಟ್ಟುಕೊಳ್ಳುವ ಸಂಭವ ಹೆಚ್ಚು. ಒಂದೇ ಜಿಲ್ಲೆ, ನಡುವೆ ಎರಡು ತಾಸಿನ ದಾರಿ, ಔಷಧದ ಫಲ ಮಾತ್ರ ಬೇರೆ. ಪ್ಯಾಕೆಟ್ಟಿನ ಮೇಲಿನ ಬರಹದಲ್ಲಿ ಈ ವ್ಯತ್ಯಾಸ ಇರುವುದಿಲ್ಲ.

ಈಗ ಅಪಾಯಗಳ ಮಾತು. ಜೈವಿಕ ಎಂದರೆ ಅಪಾಯವೇ ಇಲ್ಲ ಎಂದು ಹೇಳಿಕೊಂಡು ಬಂದಿದ್ದೇವೆ. ಅದು ಸರಿಯಲ್ಲ.

ರೇಷ್ಮೆಯಿಂದ ಶುರುಮಾಡುವೆ. ರೇಷ್ಮೆಹುಳುವಿನ ಮೈ ಸುಣ್ಣದ ಕಡ್ಡಿಯಾಗಿ ಸೆಟೆದುಹೋಗುವ ಸುಣ್ಣಕಟ್ಟು ರೋಗ ನಮ್ಮ ನಾಡಿನ ರೇಷ್ಮೆ ಬೆಳೆಗಾರರಿಗೆಲ್ಲ ಗೊತ್ತು. 1835ರಲ್ಲಿ ಇಟಲಿಯ ಅಗೋಸ್ಟಿನೋ ಬಾಸಿ ಅದಕ್ಕೆ ಕಾರಣ ಒಂದು ಶಿಲೀಂಧ್ರ ಎಂದು ತೋರಿಸಿದರು. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆ ಅದು, ಪಾಶ್ಚರ್ ಅವರಿಗಿಂತಲೂ ಹಿಂದಿನದು. ಆ ಶಿಲೀಂಧ್ರಕ್ಕೆ ಬಾಸಿಯವರ ಹೆಸರೇ ಬಂತು: ಬ್ಯೂವೇರಿಯಾ ಬಾಸಿಯಾನಾ. ಇವತ್ತು ಗೊಬ್ಬರದಂಗಡಿಯಲ್ಲಿ ಕೀಟಕ್ಕೆಂದು ಮಾರುವ ಬ್ಯೂವೇರಿಯಾ ಪುಡಿ ಅದೇ ಜಾತಿಯದು. ಏಳುನೂರಕ್ಕೂ ಹೆಚ್ಚು ಬಗೆಯ ಕೀಟಗಳಿಗೆ ತಗಲಬಲ್ಲ ಶಿಲೀಂಧ್ರ ಅದು. ಲದ್ದಿ ಹುಳುವಿನಂತೆ ರೇಷ್ಮೆಹುಳುವೂ ಪತಂಗದ ಮರಿಯೇ ಅಲ್ಲವೇ? ನೊಮುರಿಯಾ ಕೂಡ ಕೆಲವೆಡೆ ರೇಷ್ಮೆಹುಳುವಿಗೆ ಹಸಿರು ಸುಣ್ಣಕಟ್ಟು ತಂದ ದಾಖಲೆ ಇದೆ. ಧಾರವಾಡ ಜಿಲ್ಲೆಯಲ್ಲಿ ಹಿಪ್ಪುನೇರಳೆ ಬೆಳೆಯುವವರು ಕಡಿಮೆ ಇರಬಹುದು. ಆದರೆ ಇರುವ ಒಂದೊಂದು ಮನೆಗೂ ಹುಳುಮನೆಯೇ ಅನ್ನದ ದಾರಿ. ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದ್ದರೆ ಬ್ಯೂವೇರಿಯಾ, ನೊಮುರಿಯಾ ಎರಡನ್ನೂ ಹೊಡೆಯಬಾರದು. ಹೊಡೆದ ಬಟ್ಟೆಯಲ್ಲಿ ಹುಳುಮನೆಗೆ ಕಾಲಿಡಬಾರದು.

ಅಣಬೆ ಬೆಳೆಯುವವರಿಗೆ ಟ್ರೈಕೋಡರ್ಮಾ ಶತ್ರು. 1985ರ ಸುಮಾರಿಗೆ ಐರ್ಲೆಂಡಿನ ಅಣಬೆ ಮನೆಗಳಲ್ಲಿ ಹಸಿರು ಬೂಷ್ಟು ಕಾಣಿಸಿಕೊಂಡು, ಮುಂದೆ ಬ್ರಿಟನ್, ಉತ್ತರ ಅಮೆರಿಕಗಳಿಗೂ ಹರಡಿ ದೊಡ್ಡ ನಷ್ಟ ಮಾಡಿತು. ಅದು ಟ್ರೈಕೋಡರ್ಮಾದ ಒಂದು ಉಗ್ರ ಪ್ರಭೇದ. ಬೆಳೆರಕ್ಷಣೆಗೆ ಮಾರುವ ತಳಿ ಅದಲ್ಲ ಎಂಬುದು ಬಳಿಕದ ಪರೀಕ್ಷೆಯಲ್ಲಿ ಖಚಿತವಾಯಿತು. ಆದರೂ ಅಣಬೆಯೂ ಒಂದು ಶಿಲೀಂಧ್ರ, ಟ್ರೈಕೋಡರ್ಮಾ ಶಿಲೀಂಧ್ರ ತಿನ್ನುವ ಜೀವಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೋಣೆಯೊಂದರಲ್ಲಿ ಚಿಪ್ಪಣಬೆಯ ಚೀಲ ತೂಗುಹಾಕಿದ್ದರೆ, ಅದೇ ಮನೆಯ ಪಡಸಾಲೆಯಲ್ಲಿ ಟ್ರೈಕೋಡರ್ಮಾ ಗೊಬ್ಬರದ ರಾಶಿ ಹಾಕಬೇಡಿ.

ಬೆಳೆಗೇ ರೋಗವಾದ ಉದಾಹರಣೆಯೂ ಈಚೆಗೆ ಬಂತು. 2018ರಲ್ಲಿ ದಕ್ಷಿಣ ಜರ್ಮನಿಯ ಗೋವಿನಜೋಳದ ತೆನೆಗಳು ಹಸಿರು ಬೂಷ್ಟು ಹಿಡಿದು ಕೊಳೆತವು. 2020ರಲ್ಲಿ ಪ್ರಕಟವಾದ ಅಧ್ಯಯನ ಅದಕ್ಕೆ ಟ್ರೈಕೋಡರ್ಮಾ ಆಫ್ರೋಹಾರ್ಜಿಯಾನಂ ಕಾರಣ ಎಂದಿತು. ಟ್ರೈಕೋಡರ್ಮಾ ಎಂದರೆ ಒಂದೇ ಜೀವಿಯಲ್ಲ, ನೂರಾರು ಪ್ರಭೇದಗಳ ದೊಡ್ಡ ಮನೆತನ ಎಂಬುದಕ್ಕೆ ಈ ಘಟನೆ ಸಾಕ್ಷಿ. ಆ ಮನೆತನದಲ್ಲಿ ಯಾರು ನಮ್ಮ ಹೊಲಕ್ಕೆ ಬರುತ್ತಿದ್ದಾರೆ ಎಂಬುದನ್ನು ತಿಳಿದಿರಬೇಕು. ನಮ್ಮ ದೇಶದಲ್ಲಿ ದಶಕಗಳಿಂದ 'ಟ್ರೈಕೋಡರ್ಮಾ ವಿರಿಡೆ' ಎಂದು ಮಾರಿಕೊಂಡು ಬಂದದ್ದರಲ್ಲಿ ಬಹುಪಾಲು, ಡಿಎನ್‌ಎ ಪರೀಕ್ಷೆ ಬಂದಮೇಲೆ ನೋಡಿದರೆ, ಟ್ರೈಕೋಡರ್ಮಾ ಆಸ್ಪೆರೆಲ್ಲಂ ಗುಂಪಿನದು. ರೈತರಿಗೆ ಅದರಿಂದ ಕೆಡುಕಾಗಿಲ್ಲ. ಆದರೂ ಹೆಸರೇ ತಪ್ಪಿದ್ದ ಜೀವಿಯನ್ನು ಹೊಲಕ್ಕೆ ಬಿಡುತ್ತ ಬಂದಿದ್ದೆವು ಎಂಬುದು ಹಗುರಾಗಿ ತೆಗೆದುಕೊಳ್ಳುವ ಸಂಗತಿಯಲ್ಲ.

ಮನುಷ್ಯರಿಗೆ? ಆರೋಗ್ಯವಂತರಿಗೆ ಭಯಪಡುವ ಕಾರಣವಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಂದಿದವರಲ್ಲಿ ಟ್ರೈಕೋಡರ್ಮಾ ಲಾಂಗಿಬ್ರಾಕಿಯೇಟಂ ಸೋಂಕು ತಂದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಬೇರುಗಂಟು ಜಂತುವಿಗೆಂದು ಮಾರುವ ಪರ್ಪ್ಯುರಿಯೋಸಿಲಿಯಂ ಲಿಲಾಸಿನಂ ಕಣ್ಣಿನ ಸೋಂಕು ತಂದದ್ದಿದೆ. ಅಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ದಮ್ಮು ಇರುವವರು ಈ ಪುಡಿ ಕಲಸುವ ಕೆಲಸದಿಂದ ದೂರ ಇರಲಿ. ಉಳಿದವರೂ ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಚೀಲ ಹಾಕಿಕೊಳ್ಳಲಿ. ಟಾಲ್ಕ್ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬೀಜೋಪಚಾರದ ಕೆಲಸ ಹಳ್ಳಿಯಲ್ಲಿ ಸಾಮಾನ್ಯವಾಗಿ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ, ಮಾಡುವುದು ಮನೆಯೊಳಗೇ, ಬರಿಗೈಯಲ್ಲಿ, ಕೂಸು ಮಡಿಲಲ್ಲಿ ಇರುವಾಗ. ಇದು ನಿಲ್ಲಬೇಕು.

ಇವಲ್ಲದೆ ನನಗೆ ಚಿಂತೆ ಹುಟ್ಟಿಸುವುದು ಮನೆಯಲ್ಲಿ ತಾವೇ ಬೆಳೆಸಿಕೊಳ್ಳುವ ಹೊಸ ಹುರುಪು. ಬೇಯಿಸಿದ ಜೋಳದ ಮೇಲೆ ಚಿಟಿಕೆ ಪುಡಿ ಉದುರಿಸಿ ಮುಚ್ಚಿಟ್ಟರೆ ನಾಲ್ಕೈದು ದಿನಕ್ಕೆ ಹಸಿರಾಗುತ್ತದೆ, ಅದನ್ನೇ ವರ್ಷಗಟ್ಟಲೆ ಬಳಸಬಹುದು ಎಂಬ ಮಾತು ಹಬ್ಬಿದೆ. ಹಸಿರಾದದ್ದೆಲ್ಲ ಟ್ರೈಕೋಡರ್ಮಾ ಅಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಕೂಡ ಹಳದಿಹಸಿರು. ಶೇಂಗಾ, ಗೋವಿನಜೋಳ, ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ, ಯಕೃತ್ತಿಗೆ ಕ್ಯಾನ್ಸರ್ ತರುವ ವಿಷ ಹುಟ್ಟಿಸುವುದು ಇದೇ. ಶುಚಿ ಮಾಡುವ ಸಲಕರಣೆ ಇಲ್ಲದ ಅಡುಗೆಮನೆಯಲ್ಲಿ ಬೇಯಿಸಿದ ಕಾಳು ಗಾಳಿಗೆ ತೆರೆದರೆ ಮೊದಲು ಬರುವವರು ಯಾರೆಂದು ಯಾರೂ ಹೇಳಲಾರರು. ಕುಂದಗೋಳದ ಬ್ಯಾಡಗಿ ಮೆಣಸಿನಕಾಯಿ ಹೊಲಕ್ಕೆ ನಾವೇ ಆ ವಿಷದ ಬೀಜ ಬಿತ್ತಿದಂತೆ ಆಗಬಾರದು. ಗೊಬ್ಬರದ ರಾಶಿಯಲ್ಲಿ ಹೆಚ್ಚಿಸಿಕೊಳ್ಳಿ, ಪ್ರತಿ ಹಂಗಾಮಿಗೂ ಹೊಸ ಪ್ಯಾಕೆಟ್ಟಿನಿಂದ ಹೆಚ್ಚಿಸಿಕೊಳ್ಳಿ. ಕಾಳಿನ ಮೇಲೆ ಬೆಳೆಸುವ ಕೆಲಸ ತರಬೇತಿ ಪಡೆದವರಿಗೆ ಬಿಡಿ.

ಹಾಗಾದರೆ ಪ್ಯಾಕೆಟ್ಟು ನಂಬಲು ಯೋಗ್ಯವೇ? ಕಾನೂನು ಸ್ಪಷ್ಟವಾಗಿದೆ. ಟ್ರೈಕೋಡರ್ಮಾ 1968ರ ಕೀಟನಾಶಕ ಕಾಯ್ದೆಯ ಪಟ್ಟಿಯಲ್ಲಿದೆ. ನೋಂದಣಿ ಇಲ್ಲದೆ ಮಾರುವಂತಿಲ್ಲ. ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಘಟಕ ಇರಬೇಕು. ಸಾಲ್ಮೊನೆಲ್ಲಾ, ಶಿಗೆಲ್ಲಾದಂಥ ಮನುಷ್ಯರೋಗದ ಅಣುಜೀವಿ ಇರಬಾರದು. ತಯಾರಾದ ತಾರೀಖು, ಕೊನೆಯ ತಾರೀಖು, ಬ್ಯಾಚ್ ಸಂಖ್ಯೆ, ಪ್ರಭೇದದ ಹೆಸರು, ನೋಂದಣಿ ಸಂಖ್ಯೆ ಅಚ್ಚಾಗಿರಬೇಕು. ಕಾಗದದ ಮೇಲೆ ಇಷ್ಟೂ ಇದೆ. ಆದರೆ ಜೂನಿನ ಮುಂಗಾರಿಗೆಂದು ಬಂದು, ತಗಡಿನ ಛಾವಣಿಯ ಗೋದಾಮಿನಲ್ಲಿ ಯೂರಿಯಾ ಚೀಲಗಳ ನಡುವೆ ನಾಲ್ಕು ತಿಂಗಳು ಬಿದ್ದು, ಅಕ್ಟೋಬರಿನ ಹಿಂಗಾರಿಗೆ ರೈತರ ಕೈ ಸೇರುವ ಪ್ಯಾಕೆಟ್ಟಿನಲ್ಲಿ ಎಷ್ಟು ಜೀವ ಉಳಿದಿರುತ್ತದೆ? 40 ಡಿಗ್ರಿ ಸೆಖೆ ಬೀಜಕಣಕ್ಕೆ ಶತ್ರು. ಸತ್ತ ಪುಡಿಗೂ ಬದುಕಿದ ಪುಡಿಗೂ ಬಣ್ಣ ಒಂದೇ, ತೂಕ ಒಂದೇ, ಬೆಲೆ ಒಂದೇ. ಅದನ್ನು ಹಚ್ಚಿ ಬಿತ್ತಿ, ಎಳ್ಳ ಅಮಾವಾಸ್ಯೆಗೆ ಸಿಡಿ ಕಂಡ ರೈತ 'ಈ ಜೈವಿಕ ಎಲ್ಲಾ ಸುಳ್ಳು' ಎಂದು ಮತ್ತೆಂದೂ ಅದರ ಹತ್ತಿರ ಸುಳಿಯುವುದಿಲ್ಲ. ಒಳ್ಳೆಯ ವಿಜ್ಞಾನ ಹೀಗೆ ಗೋದಾಮಿನಲ್ಲಿ ಸಾಯುತ್ತಿದೆ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಅಪಾಯವಾಗಿ ಕಾಣುತ್ತದೆ.

ಇದರ ಜೊತೆಗೆ ಮೋಸವೂ ಇದೆ. ಜೈವಿಕ ಎಂದು ಬರೆದ ಡಬ್ಬಿಗೆ ರಾಸಾಯನಿಕ ಬೆರೆಸಿ ಮಾರುವುದು. 'ಹೊಡೆದ ಮರುದಿನವೇ ಹುಳು ಉದುರಿತು' ಎಂದು ಯಾರಾದರೂ ಶಿಲೀಂಧ್ರದ ಔಷಧ ಹೊಗಳಿದರೆ ಅನುಮಾನ ಪಡಬೇಕು. ಶಿಲೀಂಧ್ರಕ್ಕೆ ಅಷ್ಟು ವೇಗ ಇಲ್ಲ.

ಸರ್ಕಾರದಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಮಣ್ಣು ಪರೀಕ್ಷೆಗೆ ಇರುವಂತೆ ಜೈವಿಕ ಪುಡಿಯಲ್ಲಿ ಜೀವ ಎಷ್ಟಿದೆ ಎಂದು ಎಣಿಸಿಕೊಡುವ ವ್ಯವಸ್ಥೆ ತಾಲ್ಲೂಕಿಗೊಂದು ಬೇಕು. ಗಾಜಿನ ತಟ್ಟೆ, ಆಹಾರದ ಅಗರು, ನಾಲ್ಕು ದಿನ, ಕಲಿತ ಒಬ್ಬ ತರುಣಿ ಅಥವಾ ತರುಣ ಇದ್ದರೆ ಸಾಕು. ರೈತ ಸಂಪರ್ಕ ಕೇಂದ್ರಗಳು ಹಿಂಗಾರಿಗೆ ಬೇಕಾದ ಟ್ರೈಕೋಡರ್ಮಾವನ್ನು ಸೆಪ್ಟೆಂಬರಿನಲ್ಲಿ ಹೊಸದಾಗಿ ತರಿಸಲಿ, ಮುಂಗಾರಿನ ಉಳಿಕೆಯನ್ನು ಹಂಚದಿರಲಿ. ಧಾರವಾಡದ ವಿಶ್ವವಿದ್ಯಾಲಯ ಎರೆಹೊಲಕ್ಕೆ ಬೇರೆ ತಳಿ, ಕೆಂಪು ನೆಲಕ್ಕೆ ಬೇರೆ ತಳಿ ಎಂದು ವಿಂಗಡಿಸಿ ಕೊಟ್ಟರೆ ಜಿಲ್ಲೆಯ ಎಲ್ಲ ತಾಲ್ಲೂಕುಗಳ ರೈತರು ಋಣಿಯಾಗಿರುತ್ತಾರೆ.

ಕಡಲೆ ಬಿತ್ತುವ ಓದುಗರಿಗೆ ನನ್ನ ಕೋರಿಕೆ ಇಷ್ಟು. ಹೆಸರುಕಾಳಿನ ಬೆಳೆ ಕಿತ್ತು ಹೊಲ ಹರಗುವಾಗಲೇ, ಅಂದರೆ ಬಿತ್ತನೆಗೆ ಹತ್ತು ದಿನ ಮೊದಲೇ, ಅಂಗಡಿಗೆ ಹೋಗಿ. ಪ್ಯಾಕೆಟ್ಟಿನ ತಾರೀಖು ಓದಿ, ಮೂರು ತಿಂಗಳಿಗಿಂತ ಹಳೆಯದಾದರೆ ವಾಪಸು ಕೊಡಿ, ನೋಂದಣಿ ಸಂಖ್ಯೆ ಇಲ್ಲದ್ದನ್ನು ಮುಟ್ಟಬೇಡಿ, ಬಿಲ್ಲು ಕೇಳಿ ಪಡೆಯಿರಿ. ಮನೆಗೆ ತಂದಮೇಲೆ ತಗಡಿನ ಕೆಳಗೆ ಇಡದೆ, ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ.